ವಾರದ ಏಳು ಊಟ

ಜಯಮಂಗಲಿ ನದಿಯ ಮಗ್ಗುಲಲ್ಲಿರುವ ಹೊಳವನಹಳ್ಳಿ ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಒಂದು ಕಾಲಕ್ಕೆ ಪಾಳೆಯಗಾರರ ಠಾಣ್ಯವಾಗಿತ್ತು. ಈಗ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕೂ ಮಳೆ ನಂಬಿ ರಾಗಿ, ಕಡಲೆಕಾಯಿ ಬಿತ್ತುವ ಸೀಮೆ. ಇಂಥ ಕಡೆ ಮಿಡ್ಲ್ ಸ್ಕೂಲಿನ ಚರಿತ್ರೆ ಹೇಳುವವರು ಕಟ್ಟಡ ಎದ್ದ ವರ್ಷ, ಹೆಡ್‌ಮಾಸ್ತರರ ಹೆಸರು, ಪಾಸಾದವರ ಲೆಕ್ಕ ಹಿಡಿದು ಹೊರಡುತ್ತಾರೆ. ಅಡುಗೆಯ ಲೆಕ್ಕ ಹಿಡಿದು ಹೊರಟರೆ ಇನ್ನೂ ಹೆಚ್ಚಿನ ನಿಜ ಕೈಗೆ ಸಿಗುತ್ತದೆಂಬುದು ನನ್ನ ವಾದ. ಐದನೇ ಕ್ಲಾಸಿನಿಂದಾಚೆಗೆ ಯಾರು ಬೆಂಚಿನ ಮೇಲೆ ಕೂತರು, ಯಾರು ದನದ ಹಿಂದೆ ಹೋದರು ಎಂಬುದನ್ನು, ವಾರದುದ್ದಕ್ಕೂ ಆ ಮಗುವಿಗೆ ಅನ್ನ ಇಡುವವರು ಯಾರೆಂಬ ಪ್ರಶ್ನೆಯೇ ಬಹುಮಟ್ಟಿಗೆ ತೀರ್ಮಾನಿಸಿದೆ.

ಸರ್ಕಾರಿ ಶಾಲೆಗೂ ಮುಂಚೆ ಹಳ್ಳಿಗಳಲ್ಲಿದ್ದದ್ದು ಕೂಲಿಮಠ. ಐಗಳು ಮರಳ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಹೇಳಿಸಿ, ಜೈಮಿನಿ ಭಾರತ ಓದಿಸುತ್ತಿದ್ದರು. ಅಲ್ಲಿ ರಜೆ ಕೊಡುತ್ತಿದ್ದದ್ದು ಅಮಾವಾಸ್ಯೆ, ಹುಣ್ಣಿಮೆ. ಮಕ್ಕಳ ಮನೆಯವರೇ ಸುಗ್ಗಿಯಲ್ಲಿ ದವಸ ಅಳೆದು ಐಗಳನ್ನು ಸಾಕುತ್ತಿದ್ದರು. ಹುಡುಗನಿಗೆ ಊಟದ ಚಿಂತೆಯಿರಲಿಲ್ಲ, ಮನೆ ಕೂಗಳತೆಯಲ್ಲೇ ಇತ್ತು. ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆ ನೋಡಿಕೊಳ್ಳುತ್ತಿದ್ದಾಗ, 1868ರಲ್ಲಿ, ಹೋಬಳಿಗೊಂದು ಶಾಲೆ ಎಂಬ ಯೋಜನೆ ಬಂತು. ಅದರ ಜೊತೆಗೆ ಭಾನುವಾರದ ರಜೆ, ಗಂಟೆ, ಹಾಜರಿ ಪುಸ್ತಕಗಳೂ ಬಂದವು. ಚಂದ್ರನನ್ನು ನೋಡಿ ನಡೆಯುತ್ತಿದ್ದ ಓದು ವಾರದ ಲೆಕ್ಕಕ್ಕೆ ಬಿತ್ತು. ಹೋಬಳಿ ಎಂದರೆ ಹತ್ತಾರು ಹಳ್ಳಿ. ಶಾಲೆ ಅವುಗಳ ಪೈಕಿ ಒಂದರಲ್ಲಿ. ನಾಲ್ಕು ವರ್ಷದ ಪ್ರಾಥಮಿಕ ಓದು ಊರಲ್ಲೇ ಮುಗಿದರೂ ಮುಂದಿನ ನಾಲ್ಕು ವರ್ಷದ ಮಿಡ್ಲ್ ಸ್ಕೂಲಿಗೆ ಮೈಲಿಗಟ್ಟಲೆ ನಡೆಯಬೇಕು, ಇಲ್ಲವೇ ಆ ಊರಲ್ಲೇ ಉಳಿಯಬೇಕು. ಉಳಿದರೆ ಊಟ?

ಈ ಪ್ರಶ್ನೆಗೆ ಹಳೆಯ ಮೈಸೂರು ಸೀಮೆ ಕಂಡುಕೊಂಡ ಉತ್ತರ ವಾರಾನ್ನ. ಸೋಮವಾರ ಶ್ಯಾನುಭೋಗರ ಮನೆ, ಮಂಗಳವಾರ ವಕೀಲರ ಮನೆ, ಬುಧವಾರ ಇನ್ನೊಂದು, ಹೀಗೆ ಏಳು ಮನೆ ಒಪ್ಪಿಸಿಕೊಂಡರೆ ಹುಡುಗನ ವಾರ ತುಂಬಿತು. ಐದೇ ಮನೆ ಒಪ್ಪಿದರೆ ಎರಡು ದಿನ ಉಪವಾಸ, ಇಲ್ಲವೇ ದೇವಸ್ಥಾನದ ಪ್ರಸಾದ. ಮನೆಯವರು ಮದುವೆಗೆ ಪರವೂರಿಗೆ ಹೋದರೆ ಆ ವಾರದ ಊಟವಿಲ್ಲ; ಸೂತಕ ಬಂದರೂ ಇಲ್ಲ. ಊಟಕ್ಕೆ ಬದಲಾಗಿ ನೀರು ಸೇದುವುದು, ಅಂಗಡಿಯಿಂದ ಸಾಮಾನು ತರುವುದು, ಆ ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಇದ್ದೇ ಇತ್ತು. ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಓದಿದವರಿಗೆ ಈ ಬದುಕಿನ ಹಸಿವೂ ಅವಮಾನವೂ ಗೊತ್ತು. ತರಗತಿಯ ವೇಳಾಪಟ್ಟಿಯಲ್ಲಿ ಗಣಿತ ಯಾವಾಗ, ಚರಿತ್ರೆ ಯಾವಾಗ ಎಂಬುದಕ್ಕಿಂತ ಈ ಇನ್ನೊಂದು ವೇಳಾಪಟ್ಟಿಯೇ ಹುಡುಗನ ಮನಸ್ಸನ್ನು ಹಿಡಿದಿಟ್ಟಿತ್ತು. ಗುರುವಾರದ ಮನೆಯವರು ಬೈದರೆ ಗುರುವಾರದ ಪಾಠ ತಲೆಗೆ ಹೇಗೆ ಹತ್ತೀತು?

ವಾರಾನ್ನವನ್ನು ಹೀಗೆ ಕಟುವಾಗಿ ನೋಡಬಾರದು, ಅದು ಜನರೇ ತಾವಾಗಿ ನಡೆಸಿದ ದಾನ, ಎಷ್ಟೋ ವಿದ್ವಾಂಸರು ಅದರಿಂದಲೇ ಮೇಲೆ ಬಂದರು ಎಂಬ ಮಾತಿದೆ. ಮಾತು ಸುಳ್ಳಲ್ಲ. ತಮ್ಮ ಮನೆಯಲ್ಲೇ ಅಕ್ಕಿ ಸಾಲದಿದ್ದರೂ ಪರರ ಮಗುವಿಗೆ ಎಲೆ ಹಾಕಿದ ತಾಯಂದಿರನ್ನು ಗೌರವದಿಂದಲೇ ನೆನೆಯಬೇಕು. ಆದರೆ ಆ ಎಲೆ ಯಾರಿಗೆ ಸಿಕ್ಕಿತೆಂದು ಕೇಳಲೇಬೇಕು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಣ್ಣುವುದಕ್ಕೆ ಜಾತಿಯೇ ಅಡ್ಡವಿದ್ದ ಕಾಲದಲ್ಲಿ ವಾರಾನ್ನ ಮುಖ್ಯವಾಗಿ ಬ್ರಾಹ್ಮಣ ಹುಡುಗರಿಗೆ ಒದಗಿತು. ಪೇಟೆಯಲ್ಲಿ ತನ್ನ ಜಾತಿಯ ಅನುಕೂಲಸ್ಥ ಮನೆ ಏಳಲ್ಲ, ಒಂದೂ ಇಲ್ಲದ ಕುರುಬರ, ನಾಯಕರ, ಗೊಲ್ಲರ ಹುಡುಗನಿಗೆ ಯಾರು ಎಲೆ ಹಾಕಿಯಾರು? ದಲಿತರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಲು 1915ರಲ್ಲಿ ಸರ್ಕಾರ ಆಜ್ಞೆ ಹೊರಡಿಸಬೇಕಾಯಿತು. ಅಡುಗೆಮನೆಯ ಬಾಗಿಲಿಗೆ ಯಾವ ಆಜ್ಞೆಯೂ ಇರಲಿಲ್ಲ. ಇನ್ನು ಹೆಣ್ಣುಮಕ್ಕಳು ವಾರದ ಮನೆ ಹುಡುಕಿಕೊಂಡು ಪರವೂರಿಗೆ ಹೋಗುವ ಮಾತೇ ಇರಲಿಲ್ಲ. ಹಿಂದುಳಿದ ವರ್ಗಗಳ ಪ್ರಾತಿನಿಧ್ಯದ ಬಗ್ಗೆ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ಮುಂದೆ ಚರ್ಚೆಗೆ ಬಂದ ಹಿಂದುಳಿದಿರುವಿಕೆಯ ಬೇರುಗಳಲ್ಲಿ ಊಟಕ್ಕೆ ಅಡ್ಡವಾದ ಈ ಗೋಡೆಯೂ ಒಂದೆಂದು ನಾನು ತಿಳಿಯುತ್ತೇನೆ. ಆ ಗೋಡೆಯನ್ನು ಮೊದಲು ಒಡೆದದ್ದು ವಿದ್ಯಾರ್ಥಿನಿಲಯಗಳು. ಗುಬ್ಬಿ ತೋಟದಪ್ಪನವರ ಬೆಂಗಳೂರಿನ ಛತ್ರ, ಜಾತಿಸಂಘಗಳ ಹಾಸ್ಟೆಲುಗಳು, ತುಮಕೂರಿನ ಮಗ್ಗುಲಲ್ಲೇ ಸಿದ್ಧಗಂಗಾ ಮಠ ಇವೆಲ್ಲ ಮನೆಯ ಎಲೆಯನ್ನು ಪಂಕ್ತಿಗೆ ತಂದವು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳ ಕಾಲಕ್ಕೆ ಸಾವಿರಾರು ಮಕ್ಕಳು ಜಾತಿ ಕೇಳಿಸಿಕೊಳ್ಳದೆ ಒಟ್ಟಿಗೆ ಉಂಡು ಓದಿದರು. ಈ ನಾಲ್ಕು ತಾಲ್ಲೂಕುಗಳಿಗೆ ಅದು ಎಂಥ ಆಸರೆಯಾಯಿತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ನಿಲಯಕ್ಕೆ ಸೇರಲು ಮನೆ ಬಿಡಬೇಕು. ಹತ್ತು ವರ್ಷದ ಮಗುವನ್ನು ಎಲ್ಲ ತಾಯಿತಂದೆಯೂ ಕಳಿಸುವುದಿಲ್ಲ.

ಅನ್ನ ಕೊನೆಗೆ ಶಾಲೆಯ ಅಂಗಳಕ್ಕೇ ಬಂದದ್ದು ಈ ಶತಮಾನದಲ್ಲಿ. ಅದಕ್ಕೂ ಮುಂಚೆ, 1995ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆಯಡಿ, ಹಾಜರಾತಿ ಸರಿಯಿದ್ದ ಪ್ರಾಥಮಿಕ ಶಾಲೆಯ ಮಗುವಿಗೆ ತಿಂಗಳಿಗೆ ಮೂರು ಕೆ.ಜಿ. ಧಾನ್ಯ ಕೊಡುತ್ತಿದ್ದರು. ಅದು ಮನೆಗೆ ಹೋಗುತ್ತಿತ್ತು, ಮನೆಮಂದಿಯೆಲ್ಲ ಉಣ್ಣುತ್ತಿದ್ದರು. ಶಾಲೆಯಲ್ಲಿ ಮಧ್ಯಾಹ್ನದ ಹೊಟ್ಟೆ ಹಾಗೇ ಇರುತ್ತಿತ್ತು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಹೇಳಿದ ಮೇಲೆ, 2002ರಲ್ಲಿ ಅಕ್ಷರ ದಾಸೋಹವೆಂಬ ಬಿಸಿಯೂಟದ ಯೋಜನೆ ಮೊದಲು ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಅದೂ ಐದನೇ ತರಗತಿಯವರೆಗೆ ಮಾತ್ರ. ಆರು, ಏಳನೆಯವರು ತಮ್ಮನೋ ತಂಗಿಯೋ ಉಣ್ಣುವುದನ್ನು ನೋಡುತ್ತಾ 2004ರವರೆಗೆ ಕಾಯಬೇಕಾಯಿತು. ದುಡಿಮೆಗೆ ಕೈ ಬರುವ ವಯಸ್ಸಿನ ಮಕ್ಕಳನ್ನೇ ಹೀಗೆ ಹೊರಗಿಟ್ಟದ್ದು ಸಣ್ಣ ತಪ್ಪಲ್ಲ. ಆ ವಯಸ್ಸಿನ ಮಗು ಶಾಲೆಯಲ್ಲಿದ್ದಷ್ಟು ಹೊತ್ತು ಮನೆಗೆ ಒಂದು ಆಳಿನ ನಷ್ಟ. ಒಪ್ಪೊತ್ತಿನ ಊಟ ಆ ನಷ್ಟವನ್ನು ಕೊಂಚ ತುಂಬುತ್ತದೆ.

ಓದಿಗೆ ಅಡ್ಡವಾದದ್ದು ಅನ್ನವಲ್ಲ, ಪಾಠದ ಗುಣಮಟ್ಟ; ಬಿಸಿಯೂಟದಿಂದ ಮೇಷ್ಟರು ಅಕ್ಕಿ ಮೂಟೆ ಎಣಿಸುವ ಗುಮಾಸ್ತರಾದರು ಎಂದು ವಾದಿಸುವವರಿದ್ದಾರೆ. ಮೂಟೆ ಎಣಿಸುವ ಕೆಲಸ ಮೇಷ್ಟರ ತಲೆಯ ಮೇಲಿಂದ ಇಳಿಯಬೇಕೆಂಬುದರಲ್ಲಿ ನನಗೂ ಸಂದೇಹವಿಲ್ಲ. ಪಾಠದ ತೊಡಕೂ ನಿಜವೇ. ಪಾವಗಡದ ಕಡೆ ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳಿಗೆ ಆರನೇ ತರಗತಿಯ ಸಮಾಜ ವಿಜ್ಞಾನ ಎರಡು ಪಟ್ಟು ಭಾರ. ಆದರೆ ಆ ಭಾರ ಇಳಿಸಲು ಮಗು ಮಧ್ಯಾಹ್ನದ ಮೇಲೂ ಕ್ಲಾಸಿನಲ್ಲಿರಬೇಕಲ್ಲ? ಊಟಕ್ಕೆಂದು ಮನೆಗೆ ಹೋದ ಮಗು ಅಲ್ಲೇ ಉಳಿದರೆ ಎಂಥ ಒಳ್ಳೆಯ ಮೇಷ್ಟರೂ ಏನು ಮಾಡಿಯಾರು? ದಲಿತ ಹೆಣ್ಣುಮಗಳು ಅಡುಗೆ ಮಾಡಿದಳೆಂದು ಮಕ್ಕಳನ್ನು ಎಬ್ಬಿಸಿಕೊಂಡು ಹೋದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ನಡೆದಿವೆ. ಬಿಸಿಯೂಟ ಸೋತಿತೆಂದು ಅದಕ್ಕೆ ಅರ್ಥವಲ್ಲ. ವಾರಾನ್ನದ ಕಾಲದಲ್ಲಿ ಯಾರೂ ಎತ್ತದಿದ್ದ ಪ್ರಶ್ನೆಯನ್ನು ಅದು ದಿನವೂ ಊರ ಮುಂದೆ ಇಡುತ್ತಿದೆ.

ಇಂದಿನ ಶಾಲಾವಾರ ಬಹಳ ಬದಲಾಗಿದೆ. 2013ರ ಆಗಸ್ಟ್‌ನಲ್ಲಿ ವಾರಕ್ಕೆ ಮೂರು ದಿನವೆಂದು ಶುರುವಾದ ಕ್ಷೀರಭಾಗ್ಯದ ಹಾಲು ಮುಂದೆ ಐದು ದಿನವಾಯಿತು. 2024ರಲ್ಲಿ ರಾಗಿ ಮಾಲ್ಟ್ ಸೇರಿತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಮೊಟ್ಟೆ ವಾರದ ಆರು ದಿನಕ್ಕೂ ವಿಸ್ತರಿಸಿತು, ತಿನ್ನದವರಿಗೆ ಬಾಳೆಹಣ್ಣು. ಉಳಿದಿರುವುದು ಶಾಲೆಯಿಲ್ಲದ ದಿನಗಳು. 2024ರ ಬೇಸಿಗೆ ರಜೆಯಲ್ಲಿ ಸರ್ಕಾರ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ 41 ದಿನ ಊಟ ಕೊಡಲು ಆದೇಶಿಸಿತು. ಪಾಠವಿರಲಿಲ್ಲ, ಒಲೆ ಹೊತ್ತಿತು. ಬರ ಘೋಷಣೆಯಾದ ವರ್ಷ ಮಾತ್ರ ಹೊರಡುವ ಇಂಥ ಆದೇಶ, ಬರ ಪದೇ ಪದೇ ಬರುವ ಮಧುಗಿರಿ ಸೀಮೆಯ ಶಾಲೆಗಳಿಗಾದರೂ ಪ್ರತಿ ಬೇಸಿಗೆಯ ಕಾಯಂ ನಿಯಮವಾಗಬೇಕು. ಅಡುಗೆಯವರ ಸಂಬಳವೂ ಆ ತಿಂಗಳುಗಳಿಗೆ ಸೇರಿಯೇ ನಿಗದಿಯಾಗಬೇಕು.