ಶಾಸಕರಿಗೆ ಮತವಿಲ್ಲದ ಚುನಾವಣೆ

ರಾಷ್ಟ್ರಪತಿಯ ಚುನಾವಣೆಯಲ್ಲಿ ರಾಜ್ಯಗಳ ಚುನಾಯಿತ ಶಾಸಕರಿಗೂ ಮತವುಂಟು. ಉಪರಾಷ್ಟ್ರಪತಿಯ ಆಯ್ಕೆಯಲ್ಲಿ ಇಲ್ಲ. ಸಂವಿಧಾನದ 66ನೇ ವಿಧಿಯಂತೆ ಲೋಕಸಭೆ ಮತ್ತು ರಾಜ್ಯಸಭೆಗಳ ಸದಸ್ಯರು, ನಾಮಕರಣಗೊಂಡವರೂ ಸೇರಿ, ಗುಪ್ತ ಮತದಾನದಿಂದ ಅವರನ್ನು ಆರಿಸುತ್ತಾರೆ. ಮೊದಲು ಇದಕ್ಕಾಗಿ ಉಭಯ ಸದನಗಳು ಒಂದೆಡೆ ಸಭೆ ಸೇರಬೇಕಿತ್ತು; 1961ರ ಹನ್ನೊಂದನೇ ತಿದ್ದುಪಡಿ ಆ ನಿಯಮವನ್ನು ಕೈಬಿಟ್ಟಿತು.

ಶಾಸಕರನ್ನೇಕೆ ಹೊರಗಿಟ್ಟರು? ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಇದಕ್ಕೆ ವಿವರಣೆ ನೀಡಿದ್ದರು. ರಾಷ್ಟ್ರಪತಿಯ ಅಧಿಕಾರ ರಾಜ್ಯಗಳಿಗೂ ವ್ಯಾಪಿಸುತ್ತದೆ. ಉಪರಾಷ್ಟ್ರಪತಿಯ ನಿತ್ಯದ ಕೆಲಸವಾದರೋ ರಾಜ್ಯಸಭೆಯ ಅಧ್ಯಕ್ಷತೆ ವಹಿಸುವುದು. ರಾಷ್ಟ್ರಪತಿಯ ಹೊಣೆ ಅವರಿಗೆ ಬರುವುದು ಅಪರೂಪಕ್ಕೆ, ಅದೂ ತಾತ್ಕಾಲಿಕವಾಗಿ.

ಅಂಥ ಅಪರೂಪದ ಸಂದರ್ಭ 1977ರ ಫೆಬ್ರುವರಿಯಲ್ಲಿ ಒದಗಿತು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ನಿಧನರಾದಾಗ, ಹಿಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಜಮಖಂಡಿ ಸೀಮೆಯ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಏಪ್ರಿಲ್‌ನಲ್ಲಿ ಹೊಸ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆ ಮಾಡಿತು. ಜತ್ತಿ ಹಿಂಜರಿದರು, ಸಂಪುಟ ಪಟ್ಟು ಹಿಡಿದಾಗ ಸಹಿ ಹಾಕಿದರು. 1976ರ 42ನೇ ತಿದ್ದುಪಡಿಯ ನಂತರ ಸಂಪುಟದ ಸಲಹೆಯನ್ನು ಮೀರುವಂತಿರಲಿಲ್ಲ.

ಹೀಗೆ ಯಾರ ಆಯ್ಕೆಯಲ್ಲಿ ಶಾಸಕರಿಗೆ ಮತವಿರಲಿಲ್ಲವೋ ಅವರ ಸಹಿಯಿಂದಲೇ ಒಂಬತ್ತು ರಾಜ್ಯಗಳ ಶಾಸಕರು ಸ್ಥಾನ ಕಳೆದುಕೊಂಡರು. ಸಂಪುಟದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳಿಸುವ ಅಧಿಕಾರವನ್ನು 1978ರ 44ನೇ ತಿದ್ದುಪಡಿ ರಾಷ್ಟ್ರಪತಿಗೆ ಕೊಟ್ಟಿತು. ಉಪರಾಷ್ಟ್ರಪತಿಯನ್ನು ಆರಿಸುವ ಮತದಾರರ ಬಳಗ ಮಾತ್ರ ಇಂದಿಗೂ ಸಂಸತ್ತಿನ ಹೊಸ್ತಿಲು ದಾಟಿಲ್ಲ.