ದುಃಖವು ಈಮಾನಿನ ಕೊರತೆಯೇ? ಅಬೂ ಝೈದ್ ಅಲ್-ಬಲ್ಖೀ ಕಲಿಸಿದ ಪಾಠ

ಜ್ವರ ಬಂದವರನ್ನು ವೈದ್ಯರ ಬಳಿಗೆ ಕರೆದೊಯ್ಯಲು ಯಾರೂ ಹಿಂಜರಿಯುವುದಿಲ್ಲ. ಆದರೆ ತಿಂಗಳುಗಟ್ಟಲೆ ಮನಸ್ಸು ಕುಗ್ಗಿ ಕುಳಿತ ಮಗಳಿಗೆ ಅಥವಾ ಸೊಸೆಗೆ ನಮ್ಮ ಅನೇಕ ಮನೆಗಳಲ್ಲಿ ಸಿಗುವುದು ಒಂದೇ ಉತ್ತರ: "ನಿನ್ನ ಈಮಾನ್ ದುರ್ಬಲವಾಗಿದೆ." ಸಾವಿರ ವರ್ಷಗಳ ಹಿಂದಿನ ನಮ್ಮ ವಿದ್ವಾಂಸರು ಈ ವಿಷಯವನ್ನು ಹೀಗೆ ಮುಗಿಸಿಬಿಟ್ಟಿರಲಿಲ್ಲ.

ಕ್ರಿ.ಶ. 850ರ ಸುಮಾರಿಗೆ, ಇಂದಿನ ಉತ್ತರ ಅಫ್ಘಾನಿಸ್ತಾನದಲ್ಲಿರುವ ಬಲ್ಖ್ ಪ್ರದೇಶದಲ್ಲಿ ಅಬೂ ಝೈದ್ ಅಲ್-ಬಲ್ಖೀ ಜನಿಸಿದರು. ಇರಾಕಿಗೆ ತೆರಳಿ ತತ್ವಜ್ಞಾನಿ ಅಲ್-ಕಿಂದೀಯವರ ಶಿಷ್ಯರಾದರು. ಭೂಗೋಳಶಾಸ್ತ್ರಜ್ಞರಾಗಿಯೂ ಪ್ರಸಿದ್ಧರಾದ ಅವರು 934ರಲ್ಲಿ ನಿಧನರಾದರು. ಅವರ 'ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್' ಎಂಬ ಗ್ರಂಥದ ಮೊದಲ ಭಾಗವು ದೇಹದ ಆರೋಗ್ಯಕ್ಕೂ ಎರಡನೆಯದು ಮನಸ್ಸಿನ ಆರೋಗ್ಯಕ್ಕೂ ಮೀಸಲಾಗಿದೆ. ಅದರ ಹಸ್ತಪ್ರತಿಗಳು ಇಸ್ತಾಂಬುಲ್‌ನ ಅಯಾಸೋಫ್ಯಾ ಸಂಗ್ರಹದಲ್ಲಿ ಉಳಿದುಬಂದಿವೆ.

ದೇಹದ ಕೆಲವು ರೋಗಗಳು ಒಬ್ಬನಿಗೆ ಜೀವಮಾನದಲ್ಲಿ ಒಮ್ಮೆಯೂ ಬಾರದಿರಬಹುದು. ಆದರೆ ಕೋಪ, ಭಯ, ದುಃಖ ಮತ್ತು ಕಾಡುವ ಯೋಚನೆಗಳಿಂದ ಯಾರೂ ಪಾರಾಗಲಾರರು ಎಂಬುದು ಬಲ್ಖೀಯವರ ನಿಲುವು. ಆದ್ದರಿಂದ ಮನೆಯಲ್ಲಿ ಔಷಧಿಯನ್ನು ಮೊದಲೇ ತಂದಿಡುವಂತೆ, ನೆಮ್ಮದಿಯ ದಿನಗಳಲ್ಲಿಯೇ ಒಳ್ಳೆಯ ಚಿಂತನೆಗಳನ್ನು ಕೂಡಿಟ್ಟುಕೊಳ್ಳಬೇಕೆಂದು ಅವರು ಸಲಹೆ ನೀಡಿದರು. ದುಃಖವನ್ನು ಅವರು ಎರಡಾಗಿ ವಿಂಗಡಿಸಿದರು. ಪ್ರಿಯರ ಅಗಲಿಕೆಯಂತಹ ಸ್ಪಷ್ಟ ಕಾರಣವಿರುವುದು ಒಂದು; ಕಾರಣವೇ ತಿಳಿಯದೆ ಆವರಿಸುವುದು ಇನ್ನೊಂದು. ಎರಡನೆಯದರ ಮೂಲವು ದೇಹದಲ್ಲಿದೆ, ಅದಕ್ಕೆ ದೇಹದ ಚಿಕಿತ್ಸೆಯೂ ಅಗತ್ಯ ಎಂದರು. ಅದನ್ನು ರಕ್ತದ ದೋಷವೆಂದು ವಿವರಿಸಿದ ಅಂದಿನ ವೈದ್ಯಶಾಸ್ತ್ರವನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ದೇಹ ಮತ್ತು ಮನಸ್ಸು ಪರಸ್ಪರ ಬೆಸೆದುಕೊಂಡಿವೆ ಎಂಬ ಅವರ ಮೂಲ ವಿಚಾರ ಇಂದಿಗೂ ನಿಂತಿದೆ.

ಹಾಗಾದರೆ ಭಾವನೆಗಳು ನಮಗೇಕೆ ಬೇಕು? ಇಮಾಮ್ ಗಝಾಲಿ(ರ) (1058-1111) ಈ ಪ್ರಶ್ನೆಗೆ ಬೇಟೆಗಾರನ ಉಪಮೆ ನೀಡಿದರು. ಬುದ್ಧಿಯು ಸವಾರ, ಆಸೆಯು ಕುದುರೆ, ಕೋಪವು ಬೇಟೆನಾಯಿ. ಪಳಗಿದ ನಾಯಿಯನ್ನು ಕೊಂದವನು ಬೇಟೆಯನ್ನೇ ಕಳೆದುಕೊಳ್ಳುತ್ತಾನೆ. ಪಳಗಿಸದೆ ಬಿಟ್ಟವನು ಅದರಿಂದಲೇ ಕಚ್ಚಿಸಿಕೊಳ್ಳುತ್ತಾನೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್, ಭಯ ಮತ್ತು ಕೋಪದ ವೇಳೆ ಅಡ್ರಿನಲಿನ್ ಸ್ರವಿಸಿ, ಹೃದಯದ ಬಡಿತವು ಏರಿ, ದೇಹವು ಹೋರಾಡಲು ಅಥವಾ ಓಡಿ ಪಾರಾಗಲು ಸಜ್ಜಾಗುತ್ತದೆಂದು ವಿವರಿಸಿದರು. ಭಾವನೆಯು ನಮ್ಮನ್ನು ಕಾಯುವ ಕಾವಲುಗಾರ. ಅಪಾಯವು ಸರಿದ ಮೇಲೂ ಕಾವಲುಗಾರನ ಕೂಗು ನಿಲ್ಲದಿದ್ದಾಗ ಮಾತ್ರ ಅದು ರೋಗ.

ಪುತ್ರ ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಪ್ರವಾದಿವರ್ಯರು(ಸ) ಕಣ್ಣೀರಿಟ್ಟರು. ಮಗನ ಅಗಲಿಕೆಯ ದುಃಖದಿಂದ ಪ್ರವಾದಿ ಯಅಕೂಬ್‌(ಅ)ರ ಕಣ್ಣುಗಳೇ ಬೆಳ್ಳಗಾದವೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅವರ ಈಮಾನಿನಲ್ಲಿ ಕೊರತೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಆದುದರಿಂದ ನಮ್ಮ ಮನೆಯಲ್ಲಿ ಯಾರಾದರೂ ಮಂಕಾಗಿ ಕುಳಿತಿದ್ದರೆ, ತೀರ್ಪು ನೀಡುವ ಮುನ್ನ ಅವರ ಬಳಿ ಕುಳಿತು ಕೇಳೋಣ. ಅವರಿಗಾಗಿ ದುಆ ಮಾಡೋಣ. ಅಗತ್ಯವಿದ್ದರೆ ವೈದ್ಯರ ಬಳಿಗೂ ಕರೆದೊಯ್ಯೋಣ. ಇವೆರಡರ ನಡುವೆ ವೈರುಧ್ಯವಿಲ್ಲ.