ಗಗನ್ (ಪಥದರ್ಶಕ ವ್ಯವಸ್ಥೆ)

ಗಗನ್ ಎಂಬುದು ವಿಮಾನಗಳ ಪಥದರ್ಶನಕ್ಕಾಗಿ ಜಿಪಿಎಸ್ ಸಂಕೇತಗಳ ನಿಖರತೆಯನ್ನೂ ವಿಶ್ವಾಸಾರ್ಹತೆಯನ್ನೂ ಹೆಚ್ಚಿಸುವ ಭಾರತದ ಉಪಗ್ರಹಾಧಾರಿತ ವರ್ಧನ ವ್ಯವಸ್ಥೆ. ಇದನ್ನು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೊ) ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಜಂಟಿಯಾಗಿ ರೂಪಿಸಿವೆ. ಅಮೆರಿಕದ ವಾಸ್, ಯುರೋಪಿನ ಇಗ್ನೋಸ್ ಮತ್ತು ಜಪಾನಿನ ಎಂಸ್ಯಾಸ್ ಇದೇ ವರ್ಗಕ್ಕೆ ಸೇರುತ್ತವೆ. ಗಗನ್ ಅನ್ನು ನಾವಿಕ್‌ನೊಂದಿಗೆ ಗೊಂದಲಿಸಿಕೊಳ್ಳಬಾರದು. ನಾವಿಕ್ ತನ್ನದೇ ಉಪಗ್ರಹಗಳಿಂದ ಸ್ಥಾನವನ್ನು ತಿಳಿಸುವ ಸ್ವತಂತ್ರ ವ್ಯವಸ್ಥೆ, ಗಗನ್ ಜಿಪಿಎಸ್‌ಗೆ ಪೂರಕ.

ಅಗತ್ಯ

ಜಿಪಿಎಸ್ ಸೂಚಿಸುವ ಸ್ಥಾನದಲ್ಲಿ ಕೆಲವು ಮೀಟರುಗಳ ದೋಷವಿರುವುದು ಸಹಜ. ರಸ್ತೆಯಲ್ಲಿ ದಾರಿ ಹುಡುಕುವವರಿಗೆ ಅದು ಬಾಧಕವಲ್ಲ. ಮೋಡದೊಳಗಿಂದ ರನ್‌ವೇಯತ್ತ ಇಳಿಯುವ ವಿಮಾನಕ್ಕೆ ಮಾತ್ರ ಎತ್ತರದ ದೋಷ ಅಪಾಯಕಾರಿ. ಅದಕ್ಕಿಂತ ಗಂಭೀರವಾದುದು ಇನ್ನೊಂದಿದೆ: ಉಪಗ್ರಹವೊಂದು ತಪ್ಪು ಮಾಹಿತಿ ಕಳುಹಿಸತೊಡಗಿದರೆ, ಜಿಪಿಎಸ್ ಅದನ್ನು ಪೈಲಟ್‌ಗೆ ತಕ್ಷಣ ತಿಳಿಸುವುದಿಲ್ಲ. ಗಗನ್ ಪ್ರಮಾಣೀಕರಣ ಪಡೆದಿರುವ ಎಪಿವಿ-1 ದರ್ಜೆಯಲ್ಲಿ, ದೋಷವು ಅಡ್ಡಲಾಗಿ 40 ಮೀಟರ್ ಅಥವಾ ಲಂಬವಾಗಿ 50 ಮೀಟರ್ ಮೀರಿದರೆ 10 ಸೆಕೆಂಡುಗಳೊಳಗೆ ಎಚ್ಚರಿಕೆ ತಲುಪಬೇಕು.

ಕಾರ್ಯವಿಧಾನ

ಜಮ್ಮು, ಜೈಸಲ್ಮೇರ್, ದಿಬ್ರುಗಢ, ಪೋರ್ಟ್ ಬ್ಲೇರ್, ಬೆಂಗಳೂರು ಸೇರಿದಂತೆ 15 ಕಡೆ ಉಲ್ಲೇಖ ಕೇಂದ್ರಗಳಿವೆ. ಇವುಗಳ ಸ್ಥಾನ ಮೊದಲೇ ಕರಾರುವಾಕ್ಕಾಗಿ ಗೊತ್ತಿರುವುದರಿಂದ, ಜಿಪಿಎಸ್ ಸಂಕೇತಗಳಲ್ಲಿನ ದೋಷವನ್ನು ಅಳೆಯುವುದು ಸಾಧ್ಯ. ಈ ಅಳತೆಗಳನ್ನು ಬೆಂಗಳೂರಿನಲ್ಲಿರುವ ಪ್ರಧಾನ ನಿಯಂತ್ರಣ ಕೇಂದ್ರದಲ್ಲಿ ಸಂಸ್ಕರಿಸಿ, ತಿದ್ದುಪಡಿ ಸಂದೇಶವನ್ನು ಭೂಸ್ಥಿರ ಉಪಗ್ರಹಕ್ಕೆ ಕಳುಹಿಸಲಾಗುತ್ತದೆ. ಉಪಗ್ರಹವು ಅದನ್ನು ಜಿಪಿಎಸ್ ಬಳಸುವ 1575.42 ಮೆಗಾಹರ್ಟ್ಸ್ ಆವರ್ತನದಲ್ಲೇ ಮರುಪ್ರಸಾರ ಮಾಡುತ್ತದೆ.

ಅಯಾನುಗೋಳದ ಸಮಸ್ಯೆ

ಇತರ ದೇಶಗಳ ವಿಧಾನವನ್ನು ಹಾಗೆಯೇ ಎರವಲು ಪಡೆಯಲು ಭಾರತಕ್ಕೆ ಸಾಧ್ಯವಿರಲಿಲ್ಲ. ಭೂಮಿಯ ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಗೆ ಸಮೀಪದಲ್ಲಿ ಹಾದುಹೋಗುತ್ತದೆ (ದೇಶದ ಮೊದಲ ರಾಕೆಟ್ ಉಡಾವಣಾ ಕೇಂದ್ರಕ್ಕೆ ಕೇರಳದ ತುಂಬಾ ಗ್ರಾಮವನ್ನು ಆರಿಸಿದ್ದೂ ಇದೇ ಕಾರಣಕ್ಕೆ). ಈ ರೇಖೆಯ ಇಕ್ಕೆಲಗಳಲ್ಲಿ ಅಯಾನುಗೋಳದ ಎಲೆಕ್ಟ್ರಾನ್ ಸಾಂದ್ರತೆ ಅತಿ ಹೆಚ್ಚಾಗಿದ್ದು, ಸ್ಥಳದಿಂದ ಸ್ಥಳಕ್ಕೆ ತೀವ್ರವಾಗಿ ಬದಲಾಗುತ್ತದೆ. ಸೂರ್ಯಾಸ್ತದ ಬಳಿಕ ಸಂಕೇತಗಳು ಮಿನುಗಿ ಕ್ಷೀಣಿಸುವುದೂ ಉಂಟು. ಅಯಾನುಗೋಳವನ್ನು ಒಂದೇ ತೆಳು ಪದರವೆಂದು ಭಾವಿಸುವ ರೂಢಿಯ ಲೆಕ್ಕಾಚಾರ ಇಲ್ಲಿ ಸಾಲದು. ಆದ್ದರಿಂದ ಇಸ್ರೊ ಹಲವು ಪದರಗಳ ದತ್ತಾಂಶವನ್ನು ಸಂಯೋಜಿಸುವ ಮಾದರಿಯೊಂದನ್ನು ಅಭಿವೃದ್ಧಿಪಡಿಸಿತು. ಯೋಜನೆಯ ನಿಜವಾದ ವೈಜ್ಞಾನಿಕ ಸಾಧನೆ ಇದೇ ಎನ್ನಬಹುದು.

ಇತಿಹಾಸ

ಗಗನ್ ಉಪಕರಣವನ್ನು ಹೊತ್ತಿದ್ದ ಜಿಸ್ಯಾಟ್-4 ಉಪಗ್ರಹವು 2010ರ ಏಪ್ರಿಲ್ 15ರಂದು ಜಿಎಸ್‌ಎಲ್‌ವಿ-ಡಿ3 ಉಡಾವಣೆ ವಿಫಲವಾದಾಗ ನಷ್ಟವಾಯಿತು. ಬಳಿಕ ಜಿಸ್ಯಾಟ್-8 (2011), ಜಿಸ್ಯಾಟ್-10 (2012) ಮತ್ತು ಜಿಸ್ಯಾಟ್-15 (2015) ಉಪಗ್ರಹಗಳು ಫ್ರೆಂಚ್ ಗಯಾನಾದ ಕೂರೂವಿನಿಂದ ಏರಿಯಾನ್-5 ರಾಕೆಟ್‌ಗಳ ಮೂಲಕ ಕಕ್ಷೆ ಸೇರಿದವು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2013ರ ಡಿಸೆಂಬರ್ 30ರಂದು ಮಾರ್ಗ ಹಾರಾಟಕ್ಕೂ, 2015ರ ಏಪ್ರಿಲ್ 21ರಂದು ಲಂಬ ಮಾರ್ಗದರ್ಶನ ಸಹಿತ ಅವತರಣಕ್ಕೂ ಪ್ರಮಾಣಪತ್ರ ನೀಡಿತು.

ಬಳಕೆ

ಉಪಕರಣಾಧಾರಿತ ಅವತರಣ ವ್ಯವಸ್ಥೆ (ಐಎಲ್‌ಎಸ್) ಅಳವಡಿಸಿದ ರನ್‌ವೇಗಳಲ್ಲಿ ಗಗನ್‌ನಿಂದ ಸಿಗುವ ಹೆಚ್ಚುವರಿ ಲಾಭ ಸೀಮಿತ. ಅಂಥ ದುಬಾರಿ ಸಲಕರಣೆಯಿಲ್ಲದ ಸಣ್ಣ ನಿಲ್ದಾಣಗಳಿಗೆ ಇದರ ಪ್ರಯೋಜನ ಹೆಚ್ಚು, ಏಕೆಂದರೆ ರನ್‌ವೇ ಬಳಿ ಯಾವ ಯಂತ್ರವನ್ನೂ ಸ್ಥಾಪಿಸದೆ ಲಂಬ ಮಾರ್ಗದರ್ಶನ ದೊರೆಯುತ್ತದೆ. 2022ರ ಏಪ್ರಿಲ್ 28ರಂದು ಇಂಡಿಗೊ ಸಂಸ್ಥೆಯ ಎಟಿಆರ್ ವಿಮಾನವು ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿಯಿತು. ಇದಕ್ಕೆ ವಿಮಾನದಲ್ಲಿ ಸೂಕ್ತ ಗ್ರಾಹಕ ಉಪಕರಣವಿರಬೇಕು. 2019ರ ಜನವರಿ 1ರಿಂದ ಭಾರತದಲ್ಲಿ ನೋಂದಣಿಯಾಗುವ ವಿಮಾನಗಳಲ್ಲಿ ಅದು ಕಡ್ಡಾಯವೆಂದು 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿ ಸೂಚಿಸಿತ್ತು.